ಸಣ್ಣ ಸಮುದಾಯದ ಮಾತು ಸಭೆಯೊಳಗೆ ತಲುಪಬೇಕಾದರೆ

"ನಮ್ಮವರೊಬ್ಬರು ಗೆದ್ದು ಬರಲಿ" ಅನ್ನೋ ಆಸೆ ಸಹಜ. ಆದರೆ ಕೆಲಸ ಅಲ್ಲಿಂದ ಶುರು ಮಾಡಬೇಡಿ, ಮತದಾರರ ಪಟ್ಟಿಯಿಂದ ಮಾಡಿ. ಕರಡು ಪಟ್ಟಿ ಬಂದ ಕೂಡಲೇ ಮನೆಮನೆಗೆ ಹೋಗಿ ಹೆಸರು ತಾಳೆ ನೋಡಿ. ಮದುವೆಯಾಗಿ ಬಂದವರು, ಬಾಡಿಗೆ ಮನೆ ಬದಲಿಸಿದವರು, ಒಂದೊಂದು ದಾಖಲೆಯಲ್ಲಿ ಒಂದೊಂದು ಥರ ಹೆಸರಿರುವವರು, ಇವರನ್ನು ಮೊದಲು ವಿಚಾರಿಸಿ. ಆಕ್ಷೇಪಣೆಯ ಗಡುವು ಮುಗಿದ ಮೇಲೆ ಓಡಾಡಿ ಏನು ಪ್ರಯೋಜನ?

ಪಟ್ಟಿಗೆ ಎಷ್ಟು ಬಲ ಇದೆ ಅಂತ ನ್ಯೂಜಿಲೆಂಡ್ ನೋಡಿದರೆ ಗೊತ್ತಾಗುತ್ತೆ. ಅಲ್ಲಿ 1867ರಲ್ಲಿ ಮೂಲನಿವಾಸಿಗಳಾದ ಮಾವೋರಿಗಳಿಗೆ ಸಂಸತ್ತಿನಲ್ಲಿ 4 ಸ್ಥಾನ ಕೊಟ್ಟರು. ನೂರು ವರ್ಷ ದಾಟಿದರೂ ಅದು ನಾಲ್ಕೇ ಆಗಿತ್ತು. 1990ರ ದಶಕದಲ್ಲಿ ಕಾನೂನು ಬದಲಾಗಿ, ಮಾವೋರಿಗಳ ಪ್ರತ್ಯೇಕ ಮತದಾರರ ಪಟ್ಟಿಯಲ್ಲಿ ಎಷ್ಟು ಜನ ಹೆಸರು ಬರೆಸುತ್ತಾರೆ ಅನ್ನೋದೂ ಲೆಕ್ಕಕ್ಕೆ ಬಂತು, ಸ್ಥಾನಗಳು 7ಕ್ಕೆ ಏರಿದವು.

ಆಮೇಲೆ ನಿಮ್ಮ ಜನ ಒಂದೇ ಕಡೆ ಇದ್ದಾರಾ, ಚದುರಿದ್ದಾರಾ ನೋಡಿ. ಒಂದೇ ಕಡೆ ಇದ್ದರೆ ಕ್ಷೇತ್ರದ ಗಡಿ ಮುಖ್ಯ. ಪುನರ್ವಿಂಗಡಣೆಯ ಗೆರೆ ನಿಮ್ಮ ಬೀದಿಗಳ ನಡುವೆ ಹಾದುಹೋದರೆ ಎರಡೂ ಕಡೆ ನೀವು ಲೆಕ್ಕಕ್ಕಿಲ್ಲ, ಹಾಗಾಗಿ ಅಹವಾಲು ಸಭೆಗೆ ನಕ್ಷೆ ಹಿಡಿದುಕೊಂಡೇ ಹೋಗಿ. ಚದುರಿದ್ದರೆ ಪಕ್ಷಗಳಿಗೆ ಮತದ ಪ್ರಮಾಣದಲ್ಲಿ ಸ್ಥಾನ ಸಿಗುವ ಪದ್ಧತಿ ಅನುಕೂಲ, ಆದರೆ ಅಲ್ಲೂ ಕನಿಷ್ಠ ಮತದ ಮಿತಿ ಅಡ್ಡ ಬರಬಹುದು. ಜರ್ಮನಿಯಲ್ಲಿ ಶೇ. 5ರ ಮಿತಿಯಿಂದ ಅಲ್ಪಸಂಖ್ಯಾತರ ಪಕ್ಷಗಳಿಗೆ ವಿನಾಯಿತಿ ಇದೆ. ಅಲ್ಲಿನ ಅಲ್ಪಸಂಖ್ಯಾತರಾದ ಡೇನಿಷ್ ಮತ್ತು ಫ್ರಿಸಿಯನ್ ಜನರ ಪಕ್ಷ 2021ರಲ್ಲಿ ಒಂದು ಸ್ಥಾನ ಪಡೆದದ್ದು ಹಾಗೆ. ಇಂಥ ವಿನಾಯಿತಿ ಕೇಳೋದರಲ್ಲಿ ಸಂಕೋಚ ಬೇಡ.

ಸ್ಥಾನ ಸಿಕ್ಕಿತು ಅಂತ ಸುಮ್ನೆ ಕೂರಬೇಡಿ, ಅದಕ್ಕೆ ಏನು ಅಧಿಕಾರ ಇದೆ ಅಂತ ಕೇಳಿ. ನನಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ಹಂಗೇರಿಯ ಸಂಸತ್ತಿನಲ್ಲಿ ಅಲ್ಪಸಂಖ್ಯಾತರ ವಕ್ತಾರರು ಮಾತಾಡಬಹುದು, ಮತ ಹಾಕುವಂತಿಲ್ಲ. ಪಕ್ಕದ ಸ್ಲೊವೇನಿಯಾದಲ್ಲಿ ಇಟಾಲಿಯನ್ನರಿಗೂ ಹಂಗೇರಿಯನ್ನರಿಗೂ ಒಂದೊಂದೇ ಸ್ಥಾನ, ಆದರೆ ಬರೀ ಅವರ ಹಕ್ಕಿಗೆ ಸಂಬಂಧಿಸಿದ ಕಾನೂನು ಅವರ ಒಪ್ಪಿಗೆ ಇಲ್ಲದೆ ಪಾಸಾಗೋದಿಲ್ಲ. ಎಷ್ಟು ವ್ಯತ್ಯಾಸ ಅಲ್ವಾ?

ಸ್ಥಳೀಯ ಸಭೆಯಲ್ಲೂ ಇದನ್ನೇ ನೋಡಿ: ನಿಮ್ಮ ಸದಸ್ಯರು ಹಣಕಾಸು ಸಮಿತಿಯಲ್ಲಿ ಇದ್ದಾರಾ, ಅಥವಾ ಬರೀ ಸಮಾರಂಭದ ವೇದಿಕೆ ಮೇಲಾ? ನಡಾವಳಿ ತರಿಸಿ ಓದಿ. ನಿಮ್ಮವರು ಎತ್ತಿದ ವಿಷಯ "ಚರ್ಚಿಸಲಾಯಿತು" ಅನ್ನೋ ಒಂದೇ ಪದದಲ್ಲಿ ಮುಗಿದಿದ್ದರೆ, ಮುಂದಿನ ಸಭೆಗೆ ಅದನ್ನು ಲಿಖಿತ ಪ್ರಶ್ನೆಯಾಗಿ ಕೊಡಿಸಿ.

ನಿಮ್ಮೊಳಗೂ ಒಮ್ಮೆ ನೋಡಿಕೊಳ್ಳಿ. ಹಿರಿಯ ಗಂಡಸರು ನಾಲ್ಕು ಜನ ಕೂತು ವಕ್ತಾರರನ್ನು ಆರಿಸಿದರೆ ಹೆಂಗಸರ, ಹುಡುಗರ ಮಾತು ಅಲ್ಲೇ ನಿಂತುಹೋಗುತ್ತೆ. ಎಲ್ಲರನ್ನೂ ಕರೆದು, ಎಲ್ಲರಿಂದಲೂ ಮತ ಹಾಕಿಸಿ ಆರಿಸಿ.