ನಿಮ್ಮದು ಓಡಾಡೋ ಜೀವಾನಾ, ಕೂತ್ಕೊಳ್ಳೋ ಜೀವಾನಾ? ಕಂಡ್ಕೊಳ್ಳೋದು ಹೀಗೆ

ಅಪ್ಪ ರಿಟೈರ್ ಆದ್ಮೇಲೆ ನಾವೆಲ್ಲ ಸೇರ್ಕೊಂಡು ಅವ್ರನ್ನ ದಿನಾ ಬೆಳಗ್ಗೆ ವಾಕಿಂಗ್‌ಗೆ ಕಳಿಸ್ತಾ ಇದ್ವಿ, ಅವ್ರು ಪಾರ್ಕಲ್ಲಿ ಒಂದೇ ಒಂದು ಸುತ್ತು ಹೊಡ್ದು ಬೆಂಚ್ ಮೇಲೆ ಕೂತು ಪದಬಂಧ ತುಂಬಿ ವಾಪಸ್ ಬರೋರು. ಮೂರು ತಿಂಗ್ಳು ಮನೇಲಿ ಇದೇ ಜಗಳ. ಆಮೇಲೆ ಗೊತ್ತಾಯ್ತು, ಅವ್ರಿಗೆ ನಡೆಯೋದು ಬೇಜಾರಲ್ಲ, ಕೆಲ್ಸ ಇಲ್ದೆ ಸುತ್ತೋದು ಬೇಜಾರು. ಮನೆಗೆ ಪೇಪರ್ ಹಾಕ್ಸೋದು ನಿಲ್ಲಿಸಿದ್ವಿ. ಈಗ ಅವ್ರೇ ಸರ್ಕಲ್‌ವರೆಗೂ ನಡ್ಕೊಂಡ್ ಹೋಗಿ ತರ್ತಾರೆ, ಹೋಗಿ ಬರೋಕೆ ಅರ್ಧ ಗಂಟೆ, ಬಂದು ಕಾಫಿ ಜೊತೆ ಪದಬಂಧ.

ಅದಕ್ಕೆ ಹೇಳೋದು, ಮೊದ್ಲು ನಿಮ್ಗೆ ನಿಜವಾಗ್ಲೂ ಏನಿಷ್ಟ ಅಂತ ನೋಡ್ಕೊಳ್ಳಿ. ಗೋಡೆ ಕ್ಯಾಲೆಂಡರ್ ತಗೊಂಡು ಎರಡು ವಾರ, ಯಾರೂ ಹೇಳ್ದೆ ನೀವಾಗೇ ಮಾಡಿದ್ದು ಏನು ಅಂತ ದಿನಾ ರಾತ್ರಿ ಒಂದೇ ಪದ ಬರೀರಿ: ಗಿಡಕ್ಕೆ ನೀರು, ಶಟಲ್, ಕಸೂತಿ, ಪುಸ್ತಕ, ಏನಾದ್ರೂ ಸರಿ. ಪಕ್ಕದಲ್ಲಿ ಮುಗ್ಸಿದ್ಮೇಲೆ ಮನಸ್ಸು ಹಗುರ ಆಯ್ತಾ ಇಲ್ವಾ ಅಂತ ಒಂದು ಟಿಕ್ ಹಾಕಿ. ಸುಸ್ತಾಗಿ ಬಿದ್ಕೊಂಡು ಮೊಬೈಲ್ ನೋಡಿದ್ದನ್ನ ಲೆಕ್ಕಕ್ಕೆ ತಗೋಬೇಡಿ, ಅದು ಹವ್ಯಾಸ ಅಲ್ಲ, ಸುಸ್ತು ಅಷ್ಟೇ.

ಆಮೇಲೆ ಯಾರ ಜೊತೆ ಮಾಡಿದ್ರಿ ಅಂತಾನೂ ನೋಡಿ. ಜಿಮ್ ಅಂದ್ರೆ ಆಗಲ್ಲ ಅನ್ನೋರಲ್ಲಿ ಎಷ್ಟೋ ಜನಕ್ಕೆ ಆಗ್ದೇ ಇರೋದು ಒಬ್ರೇ ಹೋಗೋದು, ಅದೇ ಪಕ್ಕದ ಮನೆಯವ್ರು ಶಟಲ್‌ಗೆ ಕರೆದ್ರೆ ಬ್ಯಾಟ್ ಹಿಡ್ಕೊಂಡು ಓಡ್ತಾರೆ. ದಿನವಿಡೀ ನಿಂತೇ ಕೆಲ್ಸ ಮಾಡೋ ಅಂಗಡಿಯವ್ರು, ಕಂಡಕ್ಟರ್‌ಗಳು ಸಂಜೆ ಕೂತ್ಕೊಂಡು ಆಡೋ ಆಟ ಇಷ್ಟಪಟ್ರೆ ದಯವಿಟ್ಟು ಅವ್ರಿಗೆ ಬುದ್ಧಿ ಹೇಳೋಕ್ ಹೋಗ್ಬೇಡಿ.

ಕೂತ್ಕೊಳ್ಳೋ ಜೀವ ಅಂತ ಗೊತ್ತಾದ್ರೆ ಬೇಜಾರು ಮಾಡ್ಕೋಬೇಡಿ, ಆದ್ರೆ ದೇಹದ ಲೆಕ್ಕ ಬೇರೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋ ಪ್ರಕಾರ ದೊಡ್ಡೋರಿಗೆ ವಾರಕ್ಕೆ ಕಡಿಮೆ ಅಂದ್ರೂ 150 ನಿಮಿಷ ಸ್ವಲ್ಪ ಜೋರು ನಡಿಗೆಯಂಥ ಚಟುವಟಿಕೆ ಬೇಕು, ಅಂದ್ರೆ ದಿನಕ್ಕೆ 22 ನಿಮಿಷ ಆಗತ್ತೆ, ಅಷ್ಟನ್ನ ಪೇಪರ್, ಹಾಲು, ಲೈಬ್ರರಿ ಅಂತ ಯಾವ್ದಾದ್ರೂ ಕೆಲ್ಸಕ್ಕೆ ಗಂಟು ಹಾಕ್ಬಿಡಿ. ಚೌಕಾಬಾರ ಆಡೋರು ಟೇಬಲ್ ಬಿಟ್ಟು ನೆಲದ ಮೇಲೆ ಕೂತೇ ಆಡಿ, ಮಂಡಿ ಒಪ್ಪಿದ್ರೆ ಮಾತ್ರ. ನಮ್ಮನೇಲಿ ಯಾರ ಕಾಯಿ ಏಟು ತಿನ್ನತ್ತೋ ಅವ್ರು ಎದ್ದು ಎಲ್ರಿಗೂ ನೀರು ತರ್ಬೇಕು, ಅಮ್ಮ ಮಾಡಿದ್ ರೂಲ್ಸು. ನಾಲ್ಕು ಕವಡೆ ಅಂಗೈಲಿ ಕುಲುಕಿ ಹಾಕಿ, ನಾಲ್ಕೂ ಬೋರಲು ಬಿದ್ದು ಎಂಟು ಬಂದಾಗ ಅವ್ರ ಮುಖ ನೋಡ್ಬೇಕು ನೀವು, ಅಂಥ ಖುಷಿ ಬಿಟ್ಟು ಟ್ರೆಡ್‌ಮಿಲ್ ಹತ್ತಿ ಅಂತ ನಾನಂತೂ ಅವ್ರಿಗೆ ಹೇಳಲ್ಲ.

ಓಡಾಡೋರಿಗೂ ಒಂದು ಮಾತು. ಮಂಡಿ ಕೈಕೊಟ್ಟಾಗ, ಮಳೆ ಹಿಡಿದಾಗ ನಿಮ್ಗೆ ಹುಚ್ಚು ಹಿಡಿದ ಹಾಗಾಗತ್ತೆ, ಅದಕ್ಕೇ ಕಾಲು ಚೆನ್ನಾಗಿರುವಾಗ್ಲೇ ಕೂತು ಮಾಡೋದು ಒಂದು ಕಲ್ತಿಟ್ಕೊಳ್ಳಿ. ನಾನು ಮೈಸೂರಲ್ಲಿ ಚಾಮುಂಡಿ ಬೆಟ್ಟದ ಸುಮಾರು ಸಾವಿರ ಮೆಟ್ಲು ವಾರ ವಾರ ಹತ್ತಿ ಇಳಿದು ಮಂಡಿ ನೋವು ತಂದ್ಕೊಂಡು, ಆ ಆರು ವಾರದಲ್ಲಿ ಅಮ್ಮನ ಹತ್ರ ಕ್ರೋಶ ಹೆಣಿಗೆ ಕಲ್ತೆ. ಹತ್ತೋದಕ್ಕಿಂತ ಇಳಿಯೋದೇ ಮಂಡಿಗೆ ಜಾಸ್ತಿ ಭಾರ, ಈಗ ಹತ್ತೋದು ಮೆಟ್ಲಲ್ಲಿ, ಇಳಿಯೋದು ಸಿಟಿ ಬಸ್ಸಲ್ಲಿ.

ಮನೇಲಿ ಎರಡೂ ಥರದೋರು ಇದ್ರೆ ಬೆಟ್ಟಕ್ಕೆ ಎಲ್ರನ್ನೂ ನಡೆಸ್ಕೊಂಡೇ ಎಳ್ಕೊಂಡ್ ಹೋಗ್ಬೇಡಿ. ನಡೆಯೋರು ಮೆಟ್ಲಲ್ಲಿ ಬರ್ಲಿ, ಆಗ್ದೋರು ಬಸ್ಸಲ್ಲಿ ಬರ್ಲಿ, ಮೇಲೆ ಸೇರಿ ನೆರಳಲ್ಲಿ ಕೂತು ಆಟ ಹೂಡಿ. ಪಟ ಇಲ್ಲಾಂದ್ರೂ ನಡೆಯತ್ತೆ, ಹಳೇ ಟವೆಲ್ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಗೆರೆ ಎಳೆದು, ಕಾಯಿಗೆ ಹುಣಸೆ ಬೀಜ, ಬಳೆ ಚೂರು ಇಟ್ಕೊಂಡ್ರೆ ಸಾಕು, ಕವಡೆ ಮಾತ್ರ ಮರೀದೆ ತಗೊಂಡ್ ಹೋಗಿ.