ಊಟ ಒಗ್ಗದ ಬೆಕ್ಕಿಗೆ ಏನು ಹಾಕೋದು?

ನಮ್ಮ ಕೆಂಚಿ ಕಿವಿಯ ಹಿಂದೆ ರಕ್ತ ಬರುವಷ್ಟು ಕೆರೆದುಕೊಳ್ಳುತ್ತಿದ್ದಳು. ವಾರಕ್ಕೆರಡು ಸಲ ವಾಂತಿ ಬೇರೆ. ದುಬಾರಿ ಪ್ಯಾಕೆಟ್ ತಂದರೂ ಅದೇ ಕಥೆ. ಒಂದು ದಿನ ಪ್ಯಾಕೆಟ್ ತಿರುಗಿಸಿ ಓದಿದೆ. ಮುಂದೆ ದೊಡ್ಡದಾಗಿ ಟ್ಯೂನಾ, ಹಿಂದೆ ಸಣ್ಣ ಅಕ್ಷರದಲ್ಲಿ ಚಿಕನ್ ಮೀಲ್, ಅಂದರೆ ಕೋಳಿಯ ಒಣ ಪುಡಿ!

ಹಾಗಾಗಿ ಬೆಲೆಗಿಂತ ಮೊದಲು ಆ ಪಟ್ಟಿ ನೋಡಿ. ಬೆಕ್ಕಿಗೆ ಹೆಚ್ಚಾಗಿ ಅಲರ್ಜಿ ಆಗೋದು ದನದ ಮಾಂಸ, ಮೀನು, ಕೋಳಿಯಿಂದ. ಧಾನ್ಯದಿಂದ ಆಗೋದು ಕಡಿಮೆ. ‘ಗ್ರೇನ್ ಫ್ರೀ’ ಅಂತ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ.

ನಮ್ಮ ವೆಟ್ (ಪಶುವೈದ್ಯರು) ಹೇಳಿದ್ದು ಇಷ್ಟು: ಬೆಕ್ಕು ಇದುವರೆಗೆ ತಿನ್ನದ ಒಂದೇ ಮಾಂಸ ಆರಿಸಿ, 8 ವಾರ ಅದನ್ನೇ ಹಾಕಿ, ಕೆರೆತ ಕಡಿಮೆ ಆಗುತ್ತಾ ನೋಡಿ. ನಾವು ಕುರಿ ಮಾಂಸದ್ದು ಆರಿಸಿದೆವು. ಆ 8 ವಾರ ಟ್ರೀಟ್ ಇಲ್ಲ, ತಟ್ಟೆಯಲ್ಲಿ ಉಳಿದ ಮೀನಿನ ಮುಳ್ಳೂ ಇಲ್ಲ. ಮನೆಯಲ್ಲಿ ಅಜ್ಜಿ ಇದ್ದರೆ ಇದೇ ಕಷ್ಟದ ಕೆಲಸ, ಅಲ್ವಾ? ಶುರುವಿನಲ್ಲಿ ಮಾತ್ರ ಹೊಸದನ್ನು ಹಳೆಯದರ ಜೊತೆ ಬೆರೆಸಿ, 7–10 ದಿನದಲ್ಲಿ ಪೂರ್ತಿ ಬದಲಿಸಿ; 8 ವಾರದ ಲೆಕ್ಕ ಆಮೇಲೆ.

ಖರ್ಚು ಉಳಿಸಲು ಬರೀ ಹಾಲು-ಅನ್ನ ಹಾಕಬೇಡಿ. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗಲ್ಲ. ಮಾಂಸದಲ್ಲಿರುವ ಟಾರಿನ್ ಅನ್ನೋ ಪೋಷಕಾಂಶ ಸಿಗದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಪ್ಯಾಕೆಟ್ ಮೇಲೆ ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್’ (ಬೇಕಾದ ಪೋಷಕಾಂಶ ಎಲ್ಲ ಇದೆ) ಅಂತ ಇದ್ದರೆ ಸಾಧಾರಣ ಬೆಲೆಯದ್ದೂ ಸಾಕು. ಮನೆಯಲ್ಲಿ ಬೇಯಿಸಿದರೆ ಈರುಳ್ಳಿ, ಬೆಳ್ಳುಳ್ಳಿ ಸೋಕಲೇಬಾರದು.

ಹೊಸ ಊಟ ಮುಟ್ಟದೆ ಒಂದು ದಿನ ಪೂರ್ತಿ ಉಪವಾಸ ಕೂತರೆ ಕಾಯಬೇಡಿ, ವೆಟ್ ಹತ್ತಿರ ಕರೆದುಕೊಂಡು ಹೋಗಿ. ಹಸಿದಿದ್ದರೆ ಬೆಕ್ಕಿನ ಲಿವರ್ ಬೇಗ ಕೆಡುತ್ತದೆ.

ಕೆಂಚಿಯ ಕಿವಿ ಹಿಂದೆ ಈಗ ಕೂದಲು ಬಂದಿದೆ.