ಹೊಟ್ಟೆ ತಿರುಗಿಸಿ ನೋಡಿ

ನನ್ನ ಬಾಲ್ ಪೈಥಾನ್‌ಗೆ ಈಗ ಆರು ವರ್ಷ. ಆಫ್ರಿಕಾದ ಹೆಬ್ಬಾವಿನ ಜಾತಿ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿದ್ದೇನೆ. ನಮ್ಮ ದೇಶದ ಕೆರೆಹಾವು, ಹೆಬ್ಬಾವುಗಳನ್ನು ಮನೆಯಲ್ಲಿ ಸಾಕುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.

ತೊಂದರೆ ಶುರುವಾಗಿದ್ದು ಏಪ್ರಿಲ್‌ನಲ್ಲಿ. ದಾವಣಗೆರೆ ಬೇಸಿಗೆ ಗೊತ್ತಲ್ಲ, ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಪೊರೆ ಅಂದ್ರೆ ಕಾಲುಚೀಲ ಕಳಚಿದ ಹಾಗೆ ಒಂದೇ ತುಂಡಾಗಿ ಬರಬೇಕು. ಆ ಸಲ ಚೂರು ಚೂರಾಗಿ ಬಂತು. ಬಾಲದ ತುದಿಯಲ್ಲಿ ಒಂದು ಸುತ್ತು ಅಂಟಿಕೊಂಡಿತ್ತು, ಕಣ್ಣಿನ ಮೇಲಿನ ಪೊರೆಯೂ ಬಿಟ್ಟಿರಲಿಲ್ಲ. ಬಾಲದ ಸುತ್ತು ಹಾಗೇ ಉಳಿದರೆ ರಕ್ತ ಓಡದೆ ತುದಿ ಸಾಯುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಒದ್ದೆ ಟವೆಲ್ಲಿನ ಮಡಿಕೆಯಲ್ಲಿ ತಾನೇ ನುಸುಳಿ ಹೋಗಲು ಬಿಟ್ಟೆ. ಬಾಲ ಬಿಡುಗಡೆಯಾಯಿತು. ಕಣ್ಣನ್ನು ಮಾತ್ರ ಮುಟ್ಟಲಿಲ್ಲ. ಅಲ್ಲಿ ಕೀಳಲು ಹೋದರೆ ಕಣ್ಣೇ ಹೋಗಬಹುದು. ಮುಂದಿನ ಪೊರೆ ಜೊತೆ ಅದೂ ಬಂತು.

ಆ ಹೆದರಿಕೆಗೆ ದಿನಕ್ಕೆ ಎರಡು ಸಲ ಪೆಟ್ಟಿಗೆಯಲ್ಲಿ ಹಾಸಿದ್ದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ನೀರು ಚಿಮುಕಿಸತೊಡಗಿದೆ. ಮಳೆ ಹಿಡಿದ ಮೇಲೂ ನಿಲ್ಲಿಸಲಿಲ್ಲ. ತಪ್ಪಾಗಿದ್ದು ಅಲ್ಲಿ. ಸದಾ ಒದ್ದೆ ಹಾಸಿನ ಮೇಲೆ ಮಲಗಿದರೆ ಹಾವಿನ ಹೊಟ್ಟೆಯ ಚರ್ಮಕ್ಕೆ ಸೋಂಕು ತಗಲುತ್ತದೆ.

ಜುಲೈಯಲ್ಲಿ ಒಂದು ದಿನ ಹಾವನ್ನು ಎತ್ತಿ ಬೆಳಕಿಗೆ ಹಿಡಿದೆ. ಹೊಟ್ಟೆಯ ಅಗಲ ಹುರುಪೆಗಳ ಅಂಚು ಕೆಂಪಗಿತ್ತು. ಸಾಸಿವೆ ಕಾಳಿನಷ್ಟು ಮೂರು ಗುಳ್ಳೆ. ಎರಡರಲ್ಲಿ ತಿಳಿ ನೀರು. ಒಂದು ಒಡೆದು ಹುರುಪೆ ಕಂದು ಬಣ್ಣಕ್ಕೆ ತಿರುಗಿತ್ತು. ಪೊರೆ ಬಿಡುವ ಮುಂಚೆಯೂ ಹೊಟ್ಟೆ ನಸುಗೆಂಪಾಗುತ್ತದೆ, ಆದರೆ ಅದು ಉದ್ದಕ್ಕೂ ಒಂದೇ ಸಮ. ಇದು ಅಲ್ಲಲ್ಲಿ ಮಚ್ಚೆ. ನುಸಿ ಇರಬಹುದಾ ಅಂತ ಬಿಳಿ ಬಟ್ಟೆಯಲ್ಲಿ ಒರೆಸಿದೆ. ನುಸಿಯಿದ್ದರೆ ಕಾಳುಮೆಣಸಿನ ಪುಡಿಯಂಥ ಚುಕ್ಕೆಗಳು ಅಂಟುತ್ತವೆ. ಏನೂ ಅಂಟಲಿಲ್ಲ.

ಡಾಕ್ಟರ್ ಹೊಟ್ಟೆ ನೋಡಿದವರೇ ಕೇಳಿದ್ದು, "ಪೆಟ್ಟಿಗೆಯಲ್ಲಿ ಏನು ಹಾಸಿದ್ದೀರಿ? ಔಷಧಿ ಆಮೇಲೆ ಕೊಡ್ತೀನಿ. ಮೊದ್ಲು ಅದನ್ನ ತೆಗೀರಿ."

ಅವತ್ತೇ ಕೋಕೋಪೀಟ್ ಹೊರಗೆ ಸುರಿದು, ಪೆಟ್ಟಿಗೆ ತೊಳೆದು ಒಣಗಿಸಿ ನ್ಯೂಸ್‌ಪೇಪರ್ ಹಾಸಿದೆ. ಒದ್ದೆಯಾದ ಕೂಡಲೇ ಬದಲಿಸುತ್ತಿದ್ದೆ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣವನ್ನು ತೆಳು ಚಹಾದ ಬಣ್ಣ ಬರುವಷ್ಟು ನೀರಿಗೆ ಬೆರೆಸಿ, ದಿನಾ ಹತ್ತು ನಿಮಿಷ ಹೊಟ್ಟೆ ಮಾತ್ರ ಮುಳುಗುವ ಹಾಗೆ ಬಿಡುತ್ತಿದ್ದೆ. ಆಮೇಲೆ ಒತ್ತಿ ಒರೆಸಿ, ಅವರು ಬರೆದುಕೊಟ್ಟ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು ತೆಳ್ಳಗೆ ಸವರುವುದು. ಮೂರು ದಿನಕ್ಕೊಮ್ಮೆ ಆಂಟಿಬಯಾಟಿಕ್ ಇಂಜೆಕ್ಷನ್, ಅದೂ ಮೈಯ ಮುಂದಿನ ಅರ್ಧದಲ್ಲೇ. ಹಿಂಭಾಗದ ರಕ್ತ ಮೊದಲು ಮೂತ್ರಪಿಂಡದ ಕಡೆ ಹರಿಯುತ್ತದೆ, ಅದಕ್ಕೆ. ಪ್ರಮಾಣ ಹಾವಿನ ತೂಕದ ಮೇಲೆ ಡಾಕ್ಟರೇ ಹೇಳಬೇಕು, ಅಂದಾಜಿನ ಮೇಲೆ ದಯವಿಟ್ಟು ಚುಚ್ಚಬೇಡಿ. ಬೆಚ್ಚಗಿನ ಮೂಲೆಯನ್ನು 31–32 ಡಿಗ್ರಿಯಲ್ಲೇ ಇಟ್ಟೆ. ತಣ್ಣಗಿದ್ದರೆ ಹಾವಿಗೆ ರೋಗದ ಜೊತೆ ಹೋರಾಡುವ ಶಕ್ತಿ ಬರುವುದಿಲ್ಲ.

ಈಗ ತೇವ ಅಳೆಯುವ ಮೀಟರ್ ಇಟ್ಟಿದ್ದೇನೆ, ಶೇಕಡಾ 60ರ ಆಸುಪಾಸು ಇರುತ್ತದೆ. ಆಮೇಲಿನ ಎರಡನೇ ಪೊರೆ ಇಡಿಯಾಗಿ ಬಂತು. ಕಿಟಕಿಗೆ ಹಿಡಿದು ಹೊಟ್ಟೆಯ ಭಾಗ ಒಂದೊಂದೇ ನೋಡಿದೆ. ಒಂದು ಹುರುಪೆಯ ಅಂಚು ಮಾತ್ರ ಇನ್ನೂ ಸೊಟ್ಟಗಿತ್ತು.